ಎರಡನೆಯ ಭಾಗ

ಇಪ್ಪತ್ತೆರಡು ದಿನಾರು ಕೊಟ್ಟೆ, ವಲೇರಿಯನ್,
ಚೌಕಾಸಿ ಇಲ್ಲ, ಕೈಗೊಂದು ಚೀಲವೂ ಇಲ್ಲ,
ಕಾರ್ಡಿನ ಹಿಂದಿನ ಮೂರು ಅಂಕೆ ಒತ್ತಿದ್ದಷ್ಟೇ.
ಮುಹರ್ರಕ್‌ನ ಈ ಕೋಣೆಯ ವೈಫೈ
ಗುರುವಾರ ರಾತ್ರಿಯಿಂದ ಜುಮಾ ಬಾಂಗಿನವರೆಗೆ
ಅದನ್ನು ಗುಟುಕು ಗುಟುಕಾಗಿ ಇಳಿಸಿಕೊಂಡಿತು.
ಆರು ವರ್ಷ ಕಾದವನಿಗೆ ಹದಿನಾಲ್ಕು ಗಂಟೆ ಏನು ಮಹಾ.

ಚಂದ ಇದೆ. ಸುಳ್ಳು ಹೇಳಬಾರದು.
ನೀರು ನೀರಿನಂತೆಯೇ ಇದೆ,
ಕುದುರೆ ಓಡಿದರೆ ಬಾಲದ ಕೂದಲು ಬಿಡಿಬಿಡಿಯಾಗಿ ಹಾರುತ್ತದೆ,
ಆನೆಯ ಸೊಂಡಿಲ ಸುಕ್ಕು ಎಣಿಸಬಹುದು.
ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ,
ಹಾಗೆ ಒಗೆದಿದ್ದಾರೆ.

ಆದರೆ ನಮ್ಮ ಸೌದೆಯವನು ಇಲ್ಲ ಮಾರಾಯ.

ನೆನಪಿದೆಯಾ, ಹಳೆಯದರಲ್ಲಿ
ಮರ ಮುಗಿದರೆ ಅವನು ನಿಂತುಬಿಡುತ್ತಿದ್ದ.
ಕೊಡಲಿ ನೆಲಕ್ಕೂರಿ, ತಲೆಯ ಬಟ್ಟೆ ಬಿಚ್ಚಿ
ಮುಖ ಒರೆಸಿ, ನಮ್ಮ ಕಡೆಗೇ ನೋಡುತ್ತ.
ಮೂಲೆಯಲ್ಲೊಂದು ಸಣ್ಣ ಗಂಟೆ ಮಿನುಗುತ್ತಿತ್ತು,
ಇಷ್ಟು ಜನ ಸುಮ್ಮನಿದ್ದಾರೆ ಎಂದು.
ಯುದ್ಧದ ನಡುವೆಯೂ ನೀನು ಬೈಯುತ್ತಿದ್ದೆ:
'ಹೋಗಿ ಮೀನಾದರೂ ಹಿಡಿಯೋ ಸೋಮಾರಿ!'
ನಾನು ಒಬ್ಬನನ್ನು ಬೇಕೆಂದೇ ಬಿಟ್ಟಿರುತ್ತಿದ್ದೆ,
ನಕ್ಷೆಯ ಕೆಳಗಿನ ಅಂಚಿನಲ್ಲಿ, ಖರ್ಜೂರದ ಮರದಡಿ.
ನಾನು ಸೋಲುತ್ತಿದ್ದದ್ದು ಅದಕ್ಕೇ ಎಂದು ನಿನ್ನ ವಾದ.

ಹೊಸದರಲ್ಲಿ ಯಾರೂ ನಿಲ್ಲುವುದಿಲ್ಲ.
ಮರ ಮುಗಿದರೆ ತಾನಾಗಿ ಇನ್ನೊಂದು ಮರ,
ಕಾಡೇ ಮುಗಿದರೆ ತಾನಾಗಿ ಕಲ್ಲುಗಣಿ.
ಗಂಟೆಯನ್ನು ಕಿತ್ತು ಹಾಕಿದ್ದಾರೆ,
ಆಡುವವರೇ ಕೇಳಿಕೊಂಡದ್ದಂತೆ.

ನಾನು ಹಗಲೆಲ್ಲ ಮಾಡುವುದೇನು, ನಿನಗೆ ಗೊತ್ತು.
ಹಿದ್ದ್‌ನ ಹಡಗುಕಟ್ಟೆಯಲ್ಲಿ ಟೈಂಕೀಪರ್.
ಹಡಗಿನ ಹೊಟ್ಟೆಯಡಿ ನಿಂತವರ, ಕೂತವರ
ಹೆಲ್ಮೆಟ್ಟಿನ ನಂಬರು ಓದಿ
ಕೊನೆಯ ಅಂಕಣದಲ್ಲಿ ಪೆನ್ಸಿಲಿನ ಒಂದು ಗೀಟು: ಖಾಲಿ.
ಬೇಸಗೆಯ ನಡುಹಗಲು ಮಾತ್ರ ಗೀಟಿಲ್ಲ,
ಅದು ಸರಕಾರವೇ ಕೊಟ್ಟ ನೆರಳು.
ನೀನೂ ಒಮ್ಮೆ ನನ್ನ ಪುಟದಲ್ಲಿದ್ದೆ,
ನಾಲ್ಕು ನಾಲ್ಕು ಒಂದು ಏಳು, ವೆಲ್ಡರ್, ಅರ್ಧ ಗಂಟೆ.
ಆ ಗೀಟು ಅಳಿಸಿದೆನೋ ಇಲ್ಲವೋ
ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.
ಅವತ್ತು ರಾತ್ರಿ ನನ್ನ ಕೋಟೆ ಹನ್ನೊಂದೇ ನಿಮಿಷದಲ್ಲಿ ಬಿತ್ತು.

ಇನ್ನೊಂದು ಮಾತು. ತಂತಿ ಇಲ್ಲ.
ಆಗ ನಿನ್ನ ಮಂಚದಿಂದ ನನ್ನ ಮಂಚಕ್ಕೆ
ನೀಲಿ ಕೇಬಲ್ಲು, ನಡುವೆ ಸೈದಾಲಿಯ ಚಪ್ಪಲಿ,
ಅವನು ಎಡವಿದರೆ ಎರಡು ಸಾಮ್ರಾಜ್ಯ ಒಟ್ಟಿಗೆ ಮುಳುಗುತ್ತಿದ್ದವು.
ಈಗ ನೀನು ಜುಬೈಲ್‌ನಲ್ಲಿ,
ಸೇತುವೆ ದಾಟಿದರೆ ಎರಡು ಗಂಟೆಯ ದಾರಿ.
ನಿನ್ನ ಕುದುರೆ ಮಾತ್ರ ಜರ್ಮನಿಗೆ ಹೋಗಿ
ಅಲ್ಲಿ ಮೊಹರು ಹಾಕಿಸಿಕೊಂಡು
ನನ್ನ ಬಾಗಿಲಿಗೆ ಬರುವಷ್ಟರಲ್ಲಿ
ನಾನು ಸತ್ತು ಅರ್ಧ ಸೆಕೆಂಡಾಗಿರುತ್ತದೆ.
ಸತ್ತದ್ದು ತಿಳಿಯುವುದು ಆಮೇಲೆ.

ನಿನ್ನೆ ಆಡಿದೆವಲ್ಲ, ಒಂದೇ ಒಂದು.
ನೀನು 'ಚೆನ್ನಾಗಿದೆ, ಚೆನ್ನಾಗಿದೆ' ಎಂದೆ,
ದೂರದ ನೆಂಟರ ಮದುವೆಯೂಟಕ್ಕೆ ಹೇಳುವ ಹಾಗೆ.
ಯಾರು ಗೆದ್ದದ್ದೆಂದು ಕೊನೆಗೆ ಅದೇ ಹೇಳಿತು,
ಪಟಾಕಿ ಸಿಡಿಸಿ, ಪದಕ ಕೊಟ್ಟು,
ಮೂರು ದಿನಾರಿಗೆ ಬಂಗಾರದ ಆನೆ ಬೇಕೇ ಎಂದು ಕೇಳಿತು.
ನೀನು ಬೈಯಲಿಲ್ಲ.
ಅದಕ್ಕೇ ನನಗೆ ನಿದ್ದೆ ಹತ್ತಲಿಲ್ಲ.

ಸೈದಾಲಿ ಮೇಲಿನ ಮಂಚದಿಂದ ತಲೆ ಇಳಿಸಿ
'ದುಡ್ಡು ವಾಪಸು ಕೊಡುವುದಿಲ್ಲವಾ?' ಎಂದ.
ಎರಡು ಗಂಟೆಗಿಂತ ಹೆಚ್ಚು ಆಡಿದರೆ ಇಲ್ಲವಂತೆ.
ನಾನು ಆಡಿದ್ದು ಒಂಬತ್ತು,
ಅದರಲ್ಲಿ ಆರು ಗಂಟೆ ಹುಡುಕಿದ್ದು
ಒಬ್ಬನನ್ನು ನಿಲ್ಲಿಸುವುದು ಹೇಗೆ ಎಂದು.

ಒಂದು ಉಪಾಯ ಸಿಕ್ಕಿದೆ.
ಅವನ ಸುತ್ತ ನಾಲ್ಕೂ ಕಡೆ ಗೋಡೆ ಎಬ್ಬಿಸಬೇಕು,
ಒಳಗೆ ಮರವೂ ಕಲ್ಲೂ ಇರದ ಹಾಗೆ.
ಆಗ ಕೆಲಸ ನಿಲ್ಲುತ್ತದೆ. ಅವನು ನಿಲ್ಲುವುದಿಲ್ಲ.
ಕೊಡಲಿ ಹೊತ್ತು ಗೋಡೆಯಿಂದ ಗೋಡೆಗೆ ನಡೆಯುತ್ತಾನೆ.
ಮುಖ ಒರೆಸುವುದನ್ನು ಯಾರೂ ಅವನಿಗೆ ಕಲಿಸಿಲ್ಲ.

ಈದ್ ರಜೆಗೆ ಬಾ.
ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದೆ,
ಪ್ಲಗ್ಗಿನಲ್ಲೇ ಇಟ್ಟರೆ ಓಡುತ್ತದೆ.
ಕೇಬಲ್ಲು ಅಕ್ಕಿ ಡಬ್ಬಿಯ ಹಿಂದೆ ಇದೆ.