ಆರಿಸುವುದು

ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ಹಿಂದೆ ಮೊದಲು ಬರೆದದ್ದು:
ಹದಿನಾಲ್ಕು ಸಾವಿರ, ಅದರ ಮೇಲೆ ರೂಪಾಯಿ ಇಲ್ಲ.
ಅದರ ಕೆಳಗೆ: ಸದ್ದು ಇರಬಾರದು.
ಇದಕ್ಕೆ ಎರಡು ಗೆರೆ ಎಳೆದೆ.

ಟೀವಿ ಇರುವುದು ನಡುಮನೆಯಲ್ಲಿ, ಮಾವನ ಮಂಚವೂ ಅಲ್ಲೇ.
ಮೂವತ್ತೊಂದು ವರ್ಷ ರಿಂಗ್ ಫ್ರೇಮಿನ ಮುಂದೆ ನಿಂತ ಕಿವಿ.
ಕಾಟನ್ ಮಿಲ್ಲು ಮುಚ್ಚಿ, ಗೇಟು ತುಕ್ಕು ತಿಂದು,
ಸೈರನ್ನಿನ ಕಂಬವನ್ನೂ ಗುಜರಿಯವರು ಹೊತ್ತುಕೊಂಡು ಹೋಗಿ ಆಯಿತು.
ಅವರ ತಲೆಯೊಳಗೆ ಮೂರನೇ ಪಾಳಿ ಇನ್ನೂ ಬಿಟ್ಟಿಲ್ಲ.
ಮಿಕ್ಸಿ ತಿರುವಿದರೆ ಎದ್ದು ಬೀದಿಗೆ ಹೋಗುತ್ತಾರೆ.
ಹಳೇ ಕಂಪ್ಯೂಟರಿನಲ್ಲಿ ಸಿನಿಮಾ ಹಾಕಿದರೆ
ನಾಯಕಿ ಅಳುವಾಗ ಅವಳ ಬೆನ್ನ ಹಿಂದೆಯೇ ಕುಂಯ್ಯೆನ್ನುವ ಫ್ಯಾನು.
‘ಗಿರಿಜವ್ವ, ಅದನ್ನ ಆರ್ಸು. ನೂಲು ಹರೀತೈತಿ.’

ಮಂಡಿಪೇಟೆ ಹಿಂದಿನ ಓಣಿ, ಮೇಲ್ಮಹಡಿ, ಜಬೀವುಲ್ಲಾನ ಅಂಗಡಿ.
‘ಅಕ್ಕಾ, ಇದು ನೋಡ್ರಿ, ಗಾಜಿನ ಡಬ್ಬಿ, ಏಳು ಬಣ್ಣ ಉರೀತದೆ.’
ಬೇಡಪ್ಪ, ಗಣಪತಿ ಕೂರಿಸುತ್ತಿಲ್ಲ.
ಯಾವುದೋ ಬ್ಯಾಂಕು ಮಾರಿದ ರಾಶಿಯಲ್ಲಿ ಕೈಯಾಡಿಸಿ
ಮೂವತ್ತೈದು ವಾಟಿನ ಪ್ರೊಸೆಸರು ಹೆಕ್ಕಿದೆ.
ಹೊಟ್ಟೆ ಚಿಕ್ಕದು, ತಲೆ ಸಾಕಷ್ಟಿದೆ, ಬೆವರುವುದಿಲ್ಲ.
ಗ್ರಾಫಿಕ್ಸ್ ಕಾರ್ಡಿನ ಮಾತೇ ಬೇಡ, ಇಲ್ಲಿ ಯಾರೂ ಯುದ್ಧ ಆಡುವವರಿಲ್ಲ.
ಒಳಗೆ ಏನೂ ತಿರುಗದ, ಬಿಸ್ಕತ್ತಿನಷ್ಟು ತೆಳ್ಳಗಿನ ಡಿಸ್ಕು.
ಫ್ಯಾನೇ ಇಲ್ಲದ ಪವರ್ ಸಪ್ಲೈ ಒಂದಿತ್ತು.
ಎತ್ತಿ ನೋಡಿದೆ, ಚೀಟಿ ತಿರುಗಿಸಿ ಬೆಲೆ ನೋಡಿದೆ,
ಮಲಗಿದ ಕೂಸನ್ನು ಇಳಿಸುವ ಹಾಗೆ ಶೆಲ್ಫಿಗೆ ವಾಪಸು ಇಟ್ಟೆ.

ಫ್ಯಾನಿಗೆ ಮಾತ್ರ ಅರ್ಧ ದಿನ ಹಿಡಿಯಿತು.
ಸಣ್ಣದು ಓಡಿ ಓಡಿ ಕೂಗುತ್ತದೆ,
ಅಗಲದ್ದು ನಿಧಾನಕ್ಕೆ ನಡೆದು ಅಷ್ಟೇ ಗಾಳಿ ತರುತ್ತದೆ.
ಹೇಳಿದೆ. ಜಬೀವುಲ್ಲಾ ನಕ್ಕ:
‘ಗೊತ್ತು ಬಿಡ್ರಿ. ನಮ್ಮಪ್ಪ, ನಮ್ಮಮ್ಮ.’

ಶನಿವಾರ ರಾತ್ರಿ ನೆಲದ ಮೇಲೆ ಚಾಪೆ, ಚಾಪೆ ಮೇಲೆ ಸ್ಕ್ರೂ.
ಪೇಸ್ಟು ತೊಗರಿಬೇಳೆಯಷ್ಟು, ಹೆಚ್ಚಲ್ಲ.
ಸೈಕಲ್ ಟ್ಯೂಬು ಕತ್ತರಿಸಿ ಫ್ಯಾನಿನ ನಾಲ್ಕೂ ಮೂಲೆಗೆ ಬಿಲ್ಲೆ,
ನಡುಕ ತಗಡಿಗೆ ದಾಟದಿರಲಿ ಅಂತ.
ಮಂಡಕ್ಕಿ ಭಟ್ಟಿಯ ಬೂದಿ ನಮ್ಮ ಓಣಿಗೆ ತಪ್ಪದೆ ಬರುತ್ತದೆ,
ಅದಕ್ಕೆ ನನ್ನ ಹಳೇ ಲಂಗದ ಜಾಳು ಬಟ್ಟೆ ಅಡ್ಡ.

ಭಾನುವಾರ ಗುಂಡಿ ಒತ್ತಿದೆ.
ನೀಲಿ ಚುಕ್ಕೆ ಹತ್ತಿತು, ಅಷ್ಟೇ.
ಮಂಜಣ್ಣ ಡಬ್ಬಿಗೆ ಕಿವಿ ಹಚ್ಚಿ, ‘ಸತ್ತೋಗೈತೇನೇ?’ ಅಂದ.
ನನಗೋ ಹೆಮ್ಮೆ, ಬಾಯಿ ಮುಚ್ಚಿದರೂ ಹಲ್ಲು ಕಾಣುತ್ತಿದ್ದವು.

ಕಪ್ಪು ಬಿಳುಪಿನ ಸಿನಿಮಾ. ಅರ್ಧದಲ್ಲಿ ಒಂದು ಕಡೆ
ಇಬ್ಬರು ಎದುರುಬದುರು ಕೂತು ಏನೂ ಮಾತಾಡುವುದಿಲ್ಲ.
ಮಾವ ಎರಡೂ ಕಿವಿಗೆ ಕೈ ಇಟ್ಟುಕೊಂಡರು.
‘ಏನೂ ಸದ್ದಿಲ್ಲವಲ್ಲ ಮಾವ?’
‘ಅದಕ್ಕೇ ಕಣವ್ವ. ಈಗ ಅದೊಂದೇ ಕೇಳ್ತೈತಿ.’
‘ಯಾವುದು?’
‘ನಂದು.’

ಚೀಟಿಯಲ್ಲಿ ಇದಕ್ಕೆ ಜಾಗ ಇರಲಿಲ್ಲ.
ಸೆಟ್ಟಿಂಗಿಗೆ ಹೋಗಿ ಫ್ಯಾನಿನ ವೇಗ ಏರಿಸಿದೆ,
ನಿಮಿಷಕ್ಕೆ ಐನೂರು ಸುತ್ತು ಇದ್ದದ್ದು ಆರುನೂರು, ಏಳುನೂರು.
‘ಇನ್ನೊಂಚೂರು... ಜಾಸ್ತಿಯಾತು... ಹಾಂ, ಅಲ್ಲೇ ಬಿಡು.’
ಎಂಟುನೂರಕ್ಕೆ ಸ್ವಲ್ಪ ಕಮ್ಮಿ.
ಪಕ್ಕದ ಓಣಿಯಲ್ಲಿ ಯಾರೋ
ಬಿಸಿ ಮಂಡಕ್ಕಿ ಚೀಲಕ್ಕೆ ಸುರಿಯುತ್ತಲೇ ಇರುವ ಹಾಗೆ.
ಅವರ ಕೈ ಕಿವಿಯಿಂದ ಇಳಿದು ಮೊಣಕಾಲ ಮೇಲೆ ಕೂತಿತು.

ಸಿನಿಮಾ ಮುಗಿದಾಗ ಕಣ್ಣು ಮುಚ್ಚಿದ್ದರು.
‘ಆರಿಸಲಾ?’ ಅಂದೆ ಮೆಲ್ಲಗೆ.
‘ಬ್ಯಾಡ.’
ಟೀವಿ ಒಂದನ್ನೇ ಆರಿಸಿ ನಿಂತು ಲೆಕ್ಕ ಹಾಕಿದೆ:
ಬೆಳಗಿನ ತನಕ ಆದರೂ
ಕರೆಂಟು ಎರಡು ರೂಪಾಯಿ ದಾಟುವುದಿಲ್ಲ.