ಕೇತೋಹಳ್ಳಿಯ ಆಲ: ಒಂದು ಗ್ರೂಪ್ ಫೋಟೋ

ನಲವತ್ತು ವರ್ಷ ಶಿವಾಜಿನಗರದ ಸ್ಟುಡಿಯೋದಲ್ಲಿ
"ಗಲ್ಲ ಸ್ವಲ್ಪ ಎತ್ತಿ, ಕಣ್ಣು ಮಿಟುಕಿಸಬೇಡಿ" ಎಂದೇ ಬದುಕಿದವನು.
ಇಲ್ಲಿ ಯಾರಿಗೆ ಹೇಳಲಿ?
ಇದಕ್ಕೆ ಗಲ್ಲ ಯಾವುದು?

ಜಗತ್ತಿನ ಹಳೇ ಮರಗಳ ಪುಸ್ತಕವಂತೆ,
ಒಂದು ಪುಟ ಇದಕ್ಕೆ.
ಇಡಿಯಾಗಿ ಬೇಕು, ಒಂದೇ ಪಟದಲ್ಲಿ.

ಹಿಂದೆ ಸರಿದೆ. ಇನ್ನೂ ಹಿಂದೆ.
ಸೌತೆಕಾಯಿ ಪಿಳ್ಳಮ್ಮ ಬುಟ್ಟಿ ಎತ್ತಿಕೊಂಡು ದಾರಿ ಬಿಟ್ಟಳು.
ರಸ್ತೆ ದಾಟಿದರೂ ಅರ್ಧ ಮರ ಹೊರಗೇ;
ಚೌಕಟ್ಟಿಗೆ ಸಿಕ್ಕಿದ್ದು ಹತ್ತು ಬಿಳಲು, ಒಂದು ಕೋತಿ,
ತೊಗಟೆಯಲ್ಲಿ ಯಾರೋ ಮೊಳೆಯಿಂದ ಕೊರೆದ ಹೆಸರು.

"ತಾಯಿಬೊಡ್ಡೆ ತೋರಿಸಪ್ಪ" ಎಂದೆ ಕಾವಲುಗಾರನಿಗೆ.
ತಲೆ ಕೆರೆದ:
"ಅದು ಕೊಳೆತು ಹೋಗಿ ಎಷ್ಟೋ ಕಾಲ ಆಯ್ತು ಸ್ವಾಮಿ,
ಈಗಿರೋದೆಲ್ಲ ಮಕ್ಕಳೇ."

ಅಂತೋಣಪ್ಪ ನೆನಪಾದ, ನನಗೆ ಲೈಟು ಕಲಿಸಿದವನು.
ಸಾವಾದ ಮನೆಯವರು ಗ್ರೂಪ್ ಫೋಟೋಗೆ ಬಂದರೆ
ಒಂದು ಕುರ್ಚಿ ಮಧ್ಯಕ್ಕೆಳೆದು ಖಾಲಿ ಬಿಡುತ್ತಿದ್ದ.
"ಫೋಕಸ್ ಅಲ್ಲಿಗಿಡೋ,
ಮಿಕ್ಕವರು ತಾವೇ ಸರಿಯಾಗಿ ಬರ್ತಾರೆ."

ಟ್ರೈಪಾಡ್ ಒಳಗೆ ಹೊತ್ತೆ.
ಬಿಳಲುಗಳ ನಡುವೆ ಮಬ್ಬಾಗುತ್ತಿದ್ದ ಬರಿಯ ನೆಲ,
ನಾಕು ತರಗೆಲೆ, ಚುರುಮುರಿಯ ಪೊಟ್ಟಣ.
ಪೊಟ್ಟಣ ತೆಗೆಯೋಣವೆಂದು ಬಗ್ಗಿದೆ; ಬಿಟ್ಟೆ.

ಎಂಟು ಸೆಕೆಂಡು ತೆರೆದಿಟ್ಟೆ.
ಕೋತಿ ಅಲುಗಿತು, ಎಲೆ ಅಲುಗಿತು,
ಯಾರದೋ ಮಗು ಓಡಿ ಹಾದು ಹೊಗೆಯಾಯಿತು.
ಕಣ್ಣು ಮಿಟುಕಿಸದೆ ಕೂತದ್ದು
ಆ ನೆಲ ಒಂದೇ.

"ಮರ ಪೂರ್ತಿ ಬಂತಾ?" ಕೇಳಿದಳು ಪಿಳ್ಳಮ್ಮ.
"ತೊಳೆದು ನೋಡಬೇಕಮ್ಮ" ಎಂದೆ,
ಉಪ್ಪುಖಾರ ಸವರಿದ ಹೋಳು ಕಚ್ಚುತ್ತ.