ಒಂದು ಕುರಿಯ ಬಾಬತ್ತು

ನಮ್ಮ ದ್ವೀಪಕ್ಕೆ ವಿಮಾನ ವಾರಕ್ಕೊಂದೇ.
ಶನಿವಾರ ಇಳಿದವರು ಮುಂದಿನ ಶನಿವಾರದ ತನಕ
ಫಾಕ್ಲೆಂಡಿನ ಗಾಳಿಯನ್ನು ಸಹಿಸಲೇಬೇಕು.
ನನ್ನ ಜೀಪು ಹತ್ತುವವರು ಪೆಂಗ್ವಿನ್ ಕೇಳುತ್ತಾರೆ.
ಎಲಾದಿಯೊ ಬೆನೀತೆಸ್ ಕೇಳಿದ್ದು ಅಕ್ಕತಂಗಿ ಗುಡ್ಡ.

ಅರವತ್ತು ದಾಟಿದೆ, ಮಂಡಿಗೆ ಪಟ್ಟಿ,
ಮೊಮ್ಮಗಳು ಹೆಣೆದ ಟೊಪ್ಪಿಗೆ.
ಕಿತ್ತಳೆ ಬೆಳೆವ ಕೊರಿಯೆಂತೆಸ್‌ನವರು;
ಹತ್ತೊಂಬತ್ತಕ್ಕೆ ಸೈನ್ಯಕ್ಕೆಳೆದು ಇಲ್ಲಿಗೆ ತಂದಾಗ
ಹಿಮ ಕಂಡದ್ದೇ ಮೊದಲಂತೆ.
ಆಗ ಹೇಳಿದ್ದರು: ಇದು ನಿನ್ನದೇ ನೆಲ.
ಈಗ ಅದೇ ನೆಲಕ್ಕಿಳಿಯಲು ಪಾಸ್‌ಪೋರ್ಟಿಗೆ ಠಸ್ಸೆ.
"ಧಪ್ ಅಂದಾಗ ಬಗ್ಗಿಬಿಟ್ಟೆ," ಎಂದು ನಕ್ಕರು.

ಗುಡ್ಡದಲ್ಲಿ ಮರವಿಲ್ಲ. ಒಂದೂ ಇಲ್ಲ.
ಕಲ್ಲು, ಸಂದಿಯಲ್ಲಿ ಕೆಂಪು ಕಾಡುಹಣ್ಣು,
ನೀರು ನಿಂತ ಗುಂಡಿಗಳು.
ತನ್ನದು ಯಾವುದು? ಒಂದೊಂದರಲ್ಲೂ ಇಳಿದು
ಕೂತು ನೋಡಿದರು,
ಚಪ್ಪಲಿ ಅಂಗಡಿಯಲ್ಲಿ ಅಳತೆ ನೋಡುವ ಹಾಗೆ.
ನಾಲ್ಕನೆಯದರಿಂದ ಏಳಲಿಲ್ಲ.
ಕೈಗೆ ಸಿಕ್ಕಿದ್ದು ಬೂಟಿನ ಅಟ್ಟೆ,
ಹಲ್ಲುಜ್ಜುವ ಪೇಸ್ಟಿನ ಚಪ್ಪಟೆ ಕೊಳವೆ.
"ಇದನ್ನೂ ತಿಂದಿದ್ದೇವೆ."

ಆಮೇಲೆ ಕುರಿಯ ಮಾತು.
ಹಸಿವಿಗೆ ಕದ್ದದ್ದು. ಎಡಗಿವಿಯಲ್ಲಿ ಎರಡು ಕಚ್ಚು.
(ನಮ್ಮಪ್ಪನ ಗುರುತು ಅದು. ತಕ್ಷಣ ಹೇಳಲಿಲ್ಲ.)
ಕೊಯ್ದದ್ದಾಯಿತು, ಬೆಂಕಿ ಹೊತ್ತುವ ಮೊದಲೇ ಸಿಕ್ಕಿಬಿದ್ದರು.
ಅವರದೇ ಸಾರ್ಜೆಂಟು
ಕೈಕಾಲು ನಾಲ್ಕು ಗೂಟಕ್ಕೆ ಬಿಗಿದು
ಇರುಳಿಡೀ ಒದ್ದೆ ನೆಲದಲ್ಲಿ ಅಂಗಾತ ಮಲಗಿಸಿದ.
ಅಧಿಕಾರಿಗಳ ಡೇರೆಯಿಂದ
ಮಾಂಸ ಬೇಯುವ ವಾಸನೆ ಬಂತು, ಅಷ್ಟೇ.
"ಆ ಕುರಿಯ ಬೆಲೆ ಎಷ್ಟು?
ನೀನಾಗ ಇಲ್ಲೇ ಇದ್ದೆಯಾ?"

ಇದ್ದೆ. ಏಳು ವರ್ಷ.
ಹಲಗೆ ನೆಲದಡಿ, ಆಲೂಗಡ್ಡೆ ಚೀಲಗಳ ನಡುವೆ.
ಹಿಂಬಾಗಿಲು ಮೂರು ಸಲ ಬಡಿಯಿತು.
ಎಳೆಯ ದನಿಯೊಂದು ಒಂದೇ ಪದ ಹೇಳಿತು.
ಬ್ರೆಡ್ಡು ಎಂದರ್ಥ, ಅಮ್ಮನಿಗೆ ಗೊತ್ತಿತ್ತು.
ಅಮ್ಮ ನನ್ನ ಬಾಯಿ ಮುಚ್ಚಿದಳು.
ಒಲೆಯಲ್ಲಿ ಬ್ರೆಡ್ಡಿತ್ತು.

"ಇದ್ದೆ," ಎಂದೆ. ಮಿಕ್ಕದ್ದು ಹೇಳಲಿಲ್ಲ.

ಮನೆಗೆ ಕರೆತಂದು ಅಪ್ಪನ ಲೆಕ್ಕದ ಪುಸ್ತಕ ತೆಗೆದೆ.
ಎಂಬತ್ತೆರಡು, ಜೂನ್. ಕಾಣೆ: ಮೂವತ್ತೊಂದು.
ಬೆಲೆಯ ಕಾಲಂ ಖಾಲಿ.
ಬೇಡ ಅನ್ನಬಹುದಿತ್ತು. ಬೇಡ ಅಂದರೆ
ಇನ್ನೊಂದು ರಾತ್ರಿ ಗೂಟಕ್ಕೆ ಬಿಗಿದಂತೆ ಅನ್ನಿಸಿ
ಒಂಬತ್ತು ಪೌಂಡು ಅರವತ್ತು ಪೆನ್ನಿ, ಎಂದೆ,
ಬಾಯಿಗೆ ಬಂದದ್ದು.
ಹತ್ತರ ನೋಟು ಕೊಟ್ಟು ರಶೀದಿ ಕೇಳಿದರು.
ಬರೆದುಕೊಟ್ಟೆ. ಚಿಲ್ಲರೆ, ಇಪ್ಪತ್ತರ ನಾಣ್ಯ ಎರಡು.
ನಮ್ಮ ಇಪ್ಪತ್ತರ ನಾಣ್ಯದ ಮೇಲೆ ಕುರಿಯಿದೆ;
ದಿನಾ ಎಣಿಸುವ ನನಗೇ ಅದು ಮರೆತಿತ್ತು.
ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

ಶನಿವಾರ ವಿಮಾನ ತಡ.
ನಾನು ಕಟ್ಟಿ ತಂದ ಬ್ರೆಡ್ಡಿನಲ್ಲಿ ಅರ್ಧ ತಿಂದು
ಉಪ್ಪು ಸಾಲದು, ಎಂದರು.
ತಪಾಸಣೆಯ ತಟ್ಟೆಯಲ್ಲಿ
ಬೆಲ್ಟು, ಗಡಿಯಾರ, ಎರಡು ಕುರಿ.
"ಈ ದುಡ್ಡು ದ್ವೀಪದಾಚೆ ನಡೆಯೋಲ್ಲ, ಬದಲಿಸಿಕೊಳ್ಳಿ,"
ಎಂದಳು ಕಾವಲಿನ ಹುಡುಗಿ.
ಗೊತ್ತು, ಗೊತ್ತು ಎನ್ನುತ್ತ ಎಲಾದಿಯೊ
ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.